ಹಿಮವನ್ನು ಎಲ್ಲಿಗೆ ತಳ್ಳಬೇಕು?

2022ರ ನವೆಂಬರಿನಿಂದ ಮರುವರ್ಷದ ಏಪ್ರಿಲ್‌ವರೆಗೆ ನಾವು ದಂಪತಿಗಳು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿರುವ ಮಗನ ಮನೆಯಲ್ಲಿದ್ದೆವು. ಆ ನಗರದಲ್ಲಿ ಚಳಿಗಾಲವೊಂದರಲ್ಲಿ ಸರಾಸರಿ 51 ಅಂಗುಲ ಹಿಮ ಬೀಳುತ್ತದೆ. ಆ ಸಲ ಬಿದ್ದದ್ದು 90 ಅಂಗುಲ! ಅಲ್ಲಿ ಕಂಡ ಒಂದು ಸಣ್ಣ ಯಂತ್ರದ ಬಗ್ಗೆ, ಅದನ್ನು ಬಳಸುವಾಗ ನಮ್ಮಿಂದಲೇ ಆದ ಒಂದು ತಪ್ಪಿನ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಹಿಮ ಬೀಳುವ ಊರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೆ ಇದರಿಂದ ಪ್ರಯೋಜನವಾದೀತು.

ಗ್ಯಾರೇಜಿನಿಂದ ರಸ್ತೆಯವರೆಗಿನ ಕಾರಿನ ದಾರಿಯನ್ನು ಅಲ್ಲಿ ಡ್ರೈವ್‌ವೇ ಎನ್ನುತ್ತಾರೆ. ಹಿಮ ಬಿದ್ದ ಬೆಳಿಗ್ಗೆ ಅದನ್ನು ತೆರವುಗೊಳಿಸದೆ ಯಾರೂ ಕೆಲಸಕ್ಕೆ ಹೊರಡುವಂತಿಲ್ಲ. ಇದಕ್ಕಾಗಿ ಮಗ ಜೀಪಿಗಿಂತ ಚಿಕ್ಕದಾದ, ಇಬ್ಬರು ಕೂರಬಹುದಾದ ನಾಲ್ಕು ಚಕ್ರದ ವಾಹನವೊಂದನ್ನು ಕೊಂಡಿದ್ದ. ಯು.ಟಿ.ವಿ. ಎಂದು ಅದರ ಹೆಸರು. ಮುಂಭಾಗದಲ್ಲಿ ಆರು ಅಡಿ ಅಗಲದ ಉಕ್ಕಿನ ಹಲಗೆ. ಅದನ್ನು ಎತ್ತಿ ಇಳಿಸಲು ಒಂದು ವಿಂಚ್. ನಮ್ಮಲ್ಲಿ ಗದ್ದೆ ಮಟ್ಟ ಮಾಡಲು ಎತ್ತುಗಳ ಹಿಂದೆ ಹಲಗೆ ಕಟ್ಟುತ್ತಾರೆ. ಇಲ್ಲಿ ಅದು ಮುಂದಿದೆ.

ಮೊದಲು ನನಗೆ ಇದು ಸೋಮಾರಿತನವೆನಿಸಿತು. "ಸಲಿಕೆ ಹಿಡಿದರೆ ಮೈಗೆ ವ್ಯಾಯಾಮವಾಗುವುದಿಲ್ಲವೇ?" ಎಂದೆ. "ಅಪ್ಪ, ನೀವೇ ಲೆಕ್ಕ ಹಾಕಿ ನೋಡಿ" ಎಂದ ಮಗ. ಹಾಕಿದೆ. ದಾರಿಯ ಅಗಲ 6 ಮೀಟರ್, ಉದ್ದ 20 ಮೀಟರ್. ಹದಿನೈದು ಸೆಂಟಿಮೀಟರ್ ಹಿಮ ಬಿದ್ದರೆ 18 ಘನ ಮೀಟರ್. ಹೊಸ ಹಿಮ ಘನ ಮೀಟರಿಗೆ ನೂರು ಕಿಲೋ ತೂಗುತ್ತದೆಂದರೂ ಒಟ್ಟು 1,800 ಕಿಲೋ! ಒದ್ದೆ ಹಿಮವಾದರೆ ಇದರ ಎರಡು ಮೂರು ಪಟ್ಟು. 1990ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಪ್ರಕಾರ, ಸಲಿಕೆಯಿಂದ ಹಿಮ ತೆಗೆಯಲು ಹೋಗಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 11,500 ಮಂದಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಹೋಗಿದ್ದರು. ಆ 17 ವರ್ಷಗಳಲ್ಲಿ 1,647 ಮಂದಿ ಹೃದಯದ ತೊಂದರೆಯಿಂದ ತೀರಿಕೊಂಡರು. ನನ್ನ ಆಕ್ಷೇಪಣೆಯನ್ನು ಹಿಂತೆಗೆದುಕೊಂಡೆ.

ಆದರೆ ಯಂತ್ರಕ್ಕೊಂದು ಗುಣವಿದೆ. ಅದು ಹಿಮವನ್ನು ನೇರವಾಗಿ, ಸುಲಭವಾದ ದಿಕ್ಕಿಗೆ ತಳ್ಳುತ್ತದೆ. ಸುಲಭವಾದ ದಿಕ್ಕು ಯಾವುದು? ಗ್ಯಾರೇಜಿನಿಂದ ರಸ್ತೆಯ ಕಡೆಗೆ. ಮಗ ಹಾಗೆಯೇ ತಳ್ಳಿ, ದಾರಿಯ ಬಾಯಿಯ ಎರಡೂ ಬದಿಗೆ ಗುಡ್ಡೆ ಹಾಕುತ್ತಾ ಬಂದ. ಅಲ್ಲಿನ ಚಳಿಗೆ ಅದು ಕರಗುವುದಿಲ್ಲ, ದಿನಕಳೆದಂತೆ ಕಲ್ಲಾಗುತ್ತದೆ. ಜನವರಿ ಮುಗಿಯುವ ಹೊತ್ತಿಗೆ ಗುಡ್ಡೆಗಳು ಐದು ಅಡಿ ದಾಟಿದ್ದವು.

ಫೆಬ್ರವರಿಯ ಒಂದು ಬೆಳಿಗ್ಗೆ ಅವನು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ಶಾಲಾ ಬಸ್ಸಿಗೆ ಹೊರಟಿದ್ದ ಪಕ್ಕದ ಮನೆಯ ಪುಟ್ಟ ಹುಡುಗಿ ಗುಡ್ಡೆಯ ಮರೆಯಿಂದ ಥಟ್ಟನೆ ಹೊರಬಂದಳು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ನಾನು ಕೂಗಿಕೊಂಡೆ. ಕಾರು ನಿಂತಿತು. ಮಗು ಏನೂ ಆಗದವಳಂತೆ ನಡೆದು ಹೋದಳು. ಮಗ ಮಾತ್ರ ಬಹಳ ಹೊತ್ತು ಕಾರಿನಿಂದ ಇಳಿಯಲಿಲ್ಲ.

ಅಂದು ಸಂಜೆ ಎದುರುಮನೆಯ ಹಿರಿಯರೊಬ್ಬರು ಬಂದು ವಿಷಯವನ್ನು ತಿಳಿಸಿಕೊಟ್ಟರು. ನವೆಂಬರಿನ ಮೊದಲ ಹಿಮವನ್ನೇ ಅತಿ ದೂರಕ್ಕೆ, ಅಂಗಳದ ಕೊನೆಯವರೆಗೆ ತಳ್ಳಬೇಕು. ಮೊದಲ ಗುಡ್ಡೆ ಎಲ್ಲಿ ಹೆಪ್ಪುಗಟ್ಟುತ್ತದೆಯೋ ಅದರಾಚೆಗೆ ಈ ಹಗುರ ವಾಹನ ಮುಂದೆ ಏನನ್ನೂ ನೂಕಲಾರದು. ಕಾಲುದಾರಿ, ಅಗ್ನಿಶಾಮಕದವರ ನೀರಿನ ಕೊಳಾಯಿ, ದಾರಿಯ ಬಾಯಿ ಇವು ಮುಚ್ಚಬಾರದು. ರಸ್ತೆಯನ್ನು ದಾಟಿಸಿ ಎದುರಿಗೆ ತಳ್ಳುವುದಂತೂ ಕೂಡದು. ಹಲಗೆಯಿಂದ ಉದುರಿದ ಹಿಮ ರಾತ್ರಿಯಲ್ಲಿ ಗಟ್ಟಿಯಾದ ಬದುವಾಗಿ ವಾಹನಗಳನ್ನು ಉರುಳಿಸೀತು. ಸಾರ್ವಜನಿಕ ರಸ್ತೆಗೆ ಹಿಮ ಹಾಕುವುದನ್ನು ಮಿನೆಸೋಟಾದ ಕಾನೂನು ನಿಷೇಧಿಸಿದೆ. ಹಿಮ ನಿಂತ 24 ಗಂಟೆಗಳೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವುಗೊಳಿಸಬೇಕೆಂಬುದು ಮಿನಿಯಾಪೊಲಿಸ್ ನಗರದ ನಿಯಮ.

"ನಗರದ ವಾಹನವೇ ರಸ್ತೆಯ ಹಿಮವನ್ನು ನಮ್ಮ ಬಾಗಿಲಿಗೆ ತಳ್ಳಿ ಹೋಗುತ್ತದೆ. ನಾವು ಹಿಂದಿರುಗಿಸಿದರೆ ತಪ್ಪೇನು?" ಎಂದು ಅಲ್ಲಿ ಹಲವರು ಕೇಳುವುದುಂಟು. ಇದು ಬರಿಯ ಹಟದ ಮಾತಲ್ಲ. ಬೆಳಿಗ್ಗೆ ಒಮ್ಮೆ ಶುಚಿಮಾಡಿದ ದಾರಿಗೆ ಮತ್ತೆ ಗಟ್ಟಿ ಹಿಮ ಅಡ್ಡಬಿದ್ದರೆ ಯಾರಿಗಾದರೂ ಸಿಟ್ಟು ಬಂದೀತು. ಆದರೆ ರಸ್ತೆ ತೆರೆಯುವವನಿಗೆ ಅಂಚನ್ನು ಬಿಟ್ಟು ಬೇರೆ ಜಾಗವಿಲ್ಲ. ನಮಗೆ ಅಂಗಳವಿದೆ. ಜಾಗವಿದ್ದವನು ಜಾಗವಿಲ್ಲದವನ ಉದಾಹರಣೆ ಕೊಡುವುದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ಯಂತ್ರವು ನಮ್ಮ ಬೆನ್ನಿನ ನೋವನ್ನು ತಪ್ಪಿಸಿದೆ, ಎರಡು ಗಂಟೆ ಉಳಿಸಿದೆ. ಅದರಲ್ಲಿ ಹತ್ತು ನಿಮಿಷವನ್ನು ಹಿಮವನ್ನು ಇನ್ನಷ್ಟು ದೂರಕ್ಕೆ ಒಯ್ಯಲು ಕೊಟ್ಟರೆ ನಷ್ಟವೇನಿಲ್ಲ.

ತರಗತಿ ಗುಡಿಸುವ ಸರದಿ ಬಂದಾಗ ಕಸವನ್ನು ಪಕ್ಕದ ತರಗತಿಯ ಬಾಗಿಲಿಗೆ ತಳ್ಳಿ, "ಗುಡಿಸಿ ಆಯಿತು ಸಾರ್" ಎನ್ನುತ್ತಿದ್ದ ಹುಡುಗರು ನನಗೆ ಅಲ್ಲಿ ನೆನಪಾದರು. ಅವರಲ್ಲಿ ಕೆಲವರು ಇದನ್ನು ಓದುತ್ತಿರಲೂಬಹುದು! ಅಂದು ಅವರನ್ನು ಗದರಿಸಿದ್ದ ನಾನು, ಮಗನ ಗುಡ್ಡೆಗಳು ಬೆಳೆಯುವುದನ್ನು ಕಿಟಕಿಯಿಂದ ಎರಡು ತಿಂಗಳು ನೋಡಿಯೂ ಸುಮ್ಮನಿದ್ದೆ.

ಆ ಶನಿವಾರ, ಭಾನುವಾರ ಮಗ ಹಾರೆಕೋಲಿನಿಂದ ಎರಡೂ ಗುಡ್ಡೆಗಳನ್ನು ಒಡೆದು, ಯಂತ್ರದಿಂದ ಅಂಗಳದ ಒಳಕ್ಕೆ ಸಾಗಿಸಿದ. ಈಗ ಪ್ರತಿ ವರ್ಷ ಮೊದಲ ಹಿಮ ಬಿದ್ದ ದಿನ ಅವನಿಂದ ಒಂದು ಫೋಟೋ ಬರುತ್ತದೆ. ನಾನು ಮೊದಲು ನೋಡುವುದು ದಾರಿಯ ಬಾಯಿಯನ್ನು.