ಮಂಗನ ಕಾಯಿಲೆ: ಅರಿವಿಲ್ಲದವರು ಯಾರು?

ಮಲೆನಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗಲೆಲ್ಲ ಅಧಿಕಾರಿಗಳ ಬಾಯಲ್ಲಿ ಒಂದೇ ಮಾತು: ಜನರಿಗೆ ಅರಿವಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದರ ವೈರಸ್ ಪತ್ತೆಯಾಗಿದ್ದು 1957ರಲ್ಲಿ. ಸತ್ತ ಮಂಗನ ಹತ್ತಿರ ಸುಳಿಯಬಾರದು, ಉಣುಗು ಕಚ್ಚಿದರೆ ಅಪಾಯ ಎಂಬುದನ್ನು ಅಲ್ಲಿಯ ಮೂರು ತಲೆಮಾರು ಸಾವು ಕಂಡೇ ಕಲಿತಿದೆ. ಅವರಿಗೆ ಬುದ್ಧಿ ಹೇಳುವ ಮೊದಲು ಆರೋಗ್ಯ ಇಲಾಖೆ ತಾನು ಹೇಳಿದ್ದನ್ನೇ ಒಮ್ಮೆ ಓದಿಕೊಳ್ಳಲಿ.

ಲಸಿಕೆಯನ್ನೇ ನೋಡಿ. ತಿಂಗಳ ಅಂತರದಲ್ಲಿ ಎರಡು ಡೋಸ್, ಕೆಲವು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷ ವರ್ಷ ಬೂಸ್ಟರ್ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ತೋಳು ಎತ್ತಲಾಗದವನಿಗೆ ಕೂಲಿ ಯಾರು ಕೊಡುತ್ತಾರೆ? ಹಿಂದೆ ಸರಿದವರಿಗೆ ಅಸಡ್ಡೆಯ ಹಣೆಪಟ್ಟಿ ಸಿಕ್ಕಿತು. ಎರಡು ಡೋಸ್‌ನಿಂದ ಸಿಗುವ ರಕ್ಷಣೆ ಸುಮಾರು ಶೇ 62 ಮಾತ್ರ ಎಂದು 2013ರಲ್ಲೇ ಅಧ್ಯಯನವೊಂದು ಪ್ರಕಟವಾಗಿತ್ತು. ಏನೂ ಇಲ್ಲದ್ದಕ್ಕಿಂತ ಅದು ಮೇಲು, ನಿಜ. ಆದರೆ ಆ ಅಂಕಿ ಯಾವ ಭಿತ್ತಿಪತ್ರದಲ್ಲಿತ್ತು? 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲುಸಾಲಾಗಿ ಸಾವುಗಳಾದವು. 2022ರಲ್ಲಿ ಪರಿಣಾಮ ಸಾಲದೆಂದು ಲಸಿಕೆಯನ್ನೇ ನಿಲ್ಲಿಸಲಾಯಿತು. ಅನುಮಾನಪಟ್ಟಿದ್ದವರನ್ನು ಮೂಢರೆಂದವರು ಆಮೇಲೆ ಊರಿಗೆ ಹೋಗಿ ವಿವರಣೆ ಕೊಡಬೇಕಿತ್ತು.

ಇನ್ನು ‘ಕಾಡಿಗೆ ಹೋಗಬೇಡಿ’ ಎಂಬ ಉಪದೇಶ. ತರಗೆಲೆ ತರದೆ ಕೊಟ್ಟಿಗೆಗೆ ಹಾಸುವುದೇನು? ಆ ಗೊಬ್ಬರವಿಲ್ಲದೆ ಅಡಿಕೆ ತೋಟ ಉಳಿಯುವುದು ಹೇಗೆ? ಎಲೆ ಉದುರುವ ಬೇಸಿಗೆಯ ಆ ತಿಂಗಳುಗಳೇ ಎಳ್ಳಿನಷ್ಟು ಚಿಕ್ಕ ಮರಿ ಉಣುಗುಗಳ ಕಾಲ. ಹೋಗದಿರಲು ಸಾಧ್ಯವಿಲ್ಲದವರಿಗೆ ಬೇಕಿರುವುದು ಹೋಗಿ ಬರುವ ರೀತಿ: ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚುವ ಡೆಪಾ ತೈಲ ಎಲ್ಲೆಲ್ಲಿ ಸವರಬೇಕು, ಎಷ್ಟು ಹೊತ್ತಿಗೆ ಮತ್ತೆ ಸವರಬೇಕು, ಉಟ್ಟ ಬಟ್ಟೆಯನ್ನು ಏನು ಮಾಡಬೇಕು. ಇದನ್ನು ಶಿವಮೊಗ್ಗದ ಸಭಾಂಗಣದ ಸ್ಲೈಡಿನಲ್ಲಲ್ಲ, ಆಶಾ ಕಾರ್ಯಕರ್ತೆ ಮನೆ ಜಗಲಿಯಲ್ಲಿ ಕೂತು ಹೇಳಬೇಕು. ವಯನಾಡಿನ ಆದಿವಾಸಿ ಹಾಡಿಗಳಿಗೂ ಗೋವಾದ ಸತ್ತರಿಯ ಗೇರು ತೋಪುಗಳಿಗೂ ಈಗ ಈ ಕಾಯಿಲೆ ಹಬ್ಬಿದೆ. ಬೆಂಗಳೂರಿನಲ್ಲಿ ಅಚ್ಚಾದ ಒಂದೇ ಕರಪತ್ರ ಅಲ್ಲಿಗಿರಲಿ, ನಮ್ಮ ತೀರ್ಥಹಳ್ಳಿಗೇ ಸಾಲದು.

ಸದ್ಯ ಲಸಿಕೆ ಇಲ್ಲ, ಈ ಕಾಯಿಲೆಗೆಂದೇ ಔಷಧವೂ ಇಲ್ಲ ಎಂಬುದನ್ನು ಕಾಯಿಲೆಯ ಕಾಲಕ್ಕೆ ಮೊದಲೇ, ನವೆಂಬರ್‌ನ ಗ್ರಾಮಸಭೆಯಲ್ಲಿ ಇಲಾಖೆ ನೇರವಾಗಿ ಹೇಳಲಿ. ಉಣುಗಿನಲ್ಲಿ ವೈರಸ್ ಸಿಕ್ಕಿದ ದಿನವೇ ಯಾವ ಕಾಡಿನ ಯಾವ ದಿಕ್ಕಿನಲ್ಲಿ ಎಂಬುದು ಪಂಚಾಯಿತಿಯ ಫಲಕಕ್ಕೆ ಬರಲಿ. ಗಾಬರಿಯಾಗುತ್ತದೆಂದು ವರದಿಯನ್ನು ಕಡತದಲ್ಲಿ ಇಟ್ಟುಕೊಂಡರೆ, ಮರುದಿನ ಅದೇ ದಿಕ್ಕಿಗೆ ಸೊಪ್ಪಿಗೆ ಹೋಗುವವರು ನಾವಲ್ಲ.