ಜಠರದ ಕ್ಯಾನ್ಸರ್: ಮಾತ್ರೆಯ ಭರವಸೆ ಸಾಲದು

ಜಠರದ ಕ್ಯಾನ್ಸರ್ ಪೀಡಿತರಲ್ಲಿ ವಿಟಮಿನ್ ‘ಡಿ’ ಪ್ರಮಾಣ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಇಷ್ಟರಿಂದಲೇ ಆ ಕೊರತೆ ರೋಗದ ಮೂಲ, ಮಾತ್ರೆ ನುಂಗಿದರೆ ಅಪಾಯ ತಪ್ಪುತ್ತದೆ ಎಂದು ತೀರ್ಮಾನಿಸುವುದು ಆತುರದ ನಿಲುವಾಗುತ್ತದೆ. ಹೊಟ್ಟೆಯ ಕಾಯಿಲೆಯಿಂದ ಬಳಲುವವರಿಗೆ ಊಟ ರುಚಿಸದು, ಮೈತೂಕ ಇಳಿಯುತ್ತದೆ, ಬಿಸಿಲಿಗೆ ಹೋಗುವುದೂ ಅಪರೂಪವಾಗುತ್ತದೆ. ಅಂಥವರ ರಕ್ತದಲ್ಲಿ ಈ ಜೀವಸತ್ವ ಕುಸಿದಿದ್ದರೆ ಅದು ರೋಗದ ಕಾರಣವೋ ಪರಿಣಾಮವೋ ಎಂಬುದನ್ನು ರಕ್ತಪರೀಕ್ಷೆಯೊಂದೇ ಹೇಳಲಾರದು.

ಈ ಗೊಂದಲ ನಿವಾರಣೆಗೆ ಮಾತ್ರೆ ಕೊಟ್ಟೇ ನೋಡಬೇಕು. ಅಮೆರಿಕದಲ್ಲಿ 25,871 ಮಂದಿಯನ್ನು ಒಳಗೊಂಡ ‘ವೈಟಲ್’ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ‘ಡಿ’ ನೀಡಿದರೂ ಕ್ಯಾನ್ಸರ್ ಬರುವುದು ತಗ್ಗಲಿಲ್ಲ ಎಂದು 2018ರಲ್ಲಿ ವರದಿಯಾಯಿತು. ಜಠರ, ಕರುಳು, ಅನ್ನನಾಳದ ಕ್ಯಾನ್ಸರ್ ಇದ್ದ ಜಪಾನಿನ 417 ರೋಗಿಗಳ ಅಧ್ಯಯನದಲ್ಲೂ (2019) ರೋಗ ಮರುಕಳಿಸುವುದನ್ನು ಈ ಮಾತ್ರೆ ಗಣನೀಯವಾಗಿ ತಡೆಯಲಿಲ್ಲ.

ಹಾಗೆ ನೋಡಿದರೆ ಈ ರೋಗದ ಪ್ರಮುಖ ಕಾರಣ ಗುಟ್ಟಾಗಿ ಉಳಿದಿಲ್ಲ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರದ ಒಳಪದರದಲ್ಲಿ ವರ್ಷಗಟ್ಟಲೆ ನೆಲೆಸಿ ಉರಿಯೂತ ಉಂಟುಮಾಡುತ್ತದೆ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಈ ರೋಗಾಣುವನ್ನು ತಾವೇ ಕುಡಿದು ಅದರ ಉಪದ್ರವವನ್ನು ತೋರಿಸಿಕೊಟ್ಟರು. 2005ರಲ್ಲಿ ರಾಬಿನ್ ವಾರೆನ್ ಜತೆ ನೊಬೆಲ್ ಪಡೆದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತ್ತು. ತೈವಾನ್‌ನ ಮಾತ್ಸು ದ್ವೀಪಗಳಲ್ಲಿ 2004ರಿಂದ ಸಾಮೂಹಿಕವಾಗಿ ಸೋಂಕು ನಿವಾರಿಸಿದ ಬಳಿಕ ಜಠರದ ಕ್ಯಾನ್ಸರ್ ಸುಮಾರು ಅರ್ಧಕ್ಕಿಳಿದಿದೆ. ಸೋಂಕಿತರೆಲ್ಲರೂ ಕ್ಯಾನ್ಸರ್‌ಗೆ ತುತ್ತಾಗುವುದಿಲ್ಲ, ನಿಜ. ತಂಬಾಕು, ಅತಿಯಾದ ಉಪ್ಪು ಅಪಾಯವನ್ನು ಹೆಚ್ಚಿಸುತ್ತವೆ. ನಮ್ಮಲ್ಲಿ ಈ ರೋಗದ ಹಾವಳಿ ಅತಿ ಹೆಚ್ಚಿರುವ ಮಿಜೋರಾಂನಲ್ಲಿ ತಂಬಾಕಿನ ಜತೆಗೆ ಹೊಗೆಯಲ್ಲಿ ಒಣಗಿಸಿದ ಮಾಂಸದತ್ತಲೂ ತಜ್ಞರು ಬೊಟ್ಟು ಮಾಡಿದ್ದಾರೆ.

ನಗರಗಳ ‘ಸಮಗ್ರ ತಪಾಸಣೆ’ ಪ್ಯಾಕೇಜುಗಳು ಮಾತ್ರ ‘ಡಿ’ ಜೀವಸತ್ವವನ್ನು ಬಿಡದೆ ಅಳೆಯುತ್ತಿವೆ. ಆರೋಗ್ಯವಂತ ವಯಸ್ಕರಿಗೆ ಈ ಪರೀಕ್ಷೆ ವಾಡಿಕೆಯಾಗಿ ಬೇಡವೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಸಲಹೆ ನೀಡಿದೆ. ಮೂಳೆಯ ಆರೋಗ್ಯಕ್ಕೆ ಈ ಜೀವಸತ್ವ ಅವಶ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಾರಕ್ಕೊಮ್ಮೆ ಸೇವಿಸಬೇಕಾದ 60,000 ಯೂನಿಟ್‌ನ ಪುಡಿಯನ್ನು ಮನಬಂದಂತೆ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾದೀತು.

ಇದಕ್ಕಿಂತ ಆತಂಕದ ಸಂಗತಿ ಬೇರೆ ಇದೆ. ವಾರಗಟ್ಟಲೆ ಕಾಡುವ ಅಜೀರ್ಣ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಕಪ್ಪು ಮಲ ಇವು ಎಂಡೋಸ್ಕೊಪಿ ಬೇಡುವ ಲಕ್ಷಣಗಳು. ಚೀಟಿಯಿಲ್ಲದೆಯೂ ಕೈಗೆ ಸಿಗುವ ಆಮ್ಲಶಾಮಕ ಮಾತ್ರೆಗಳು ನೋವನ್ನು ತಾತ್ಕಾಲಿಕವಾಗಿ ಅಡಗಿಸಿ ಆ ಪರೀಕ್ಷೆಯನ್ನು ಮುಂದೂಡಿಸುತ್ತವೆ. ಔಷಧ ನಿಯಂತ್ರಣ ಇಲಾಖೆ ಈ ಮಾರಾಟದ ಮೇಲೆ ಕಣ್ಣಿಡಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಎಂಡೋಸ್ಕೊಪಿ ಮತ್ತು ಪೈಲೋರಿ ಪರೀಕ್ಷೆ ಕೈಗೆಟಕುವ ದರದಲ್ಲಿ ದೊರೆಯುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು.