ಕೊನೆಯ ಚೌಕದ ಕಪ್ಪು ಮುಖ

ತುಳಿಸಿಕೊಂಡವನ ಮೇಲೆ ಕನಿಕರ ತೋರಿಸಿದರೆ ತುಳಿದವರಿಗೆ ಅಂಥಾ ಬೇಜಾರೇನೂ ಆಗುವುದಿಲ್ಲ. ಅವನ ಕಣ್ಣೀರಿನ ಮೇಲೆ ಕಥೆ ಬರೆದರೆ ಅವರೇ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಅದೇ ಮನುಷ್ಯನನ್ನು ತೀರ್ಪು ಹೇಳುವ ಕುರ್ಚಿಯ ಮೇಲೆ ಕೂರಿಸಿ ನೋಡಿ. ಚಪ್ಪಾಳೆ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಸಾಕ್ಷಿ ಬೇಕೇ? ನಾವು ಒಂದು ಅಮೆರಿಕನ್ ಕಾಮಿಕ್ ಪುಸ್ತಕವನ್ನು ಮುಂದಿಡುತ್ತೇವೆ. ಕಾಮಿಕ್ ಅಂದ ಕೂಡಲೇ ಮೂಗು ಮುರಿಯುವ ಪಂಡಿತರು ಪುಟ ಮಗುಚಿಕೊಂಡು ಹೋಗಲಿ. ಹತ್ತು ಸೆಂಟಿಗೆ ಹುಡುಗರು ಕೊಂಡು ಓದುತ್ತಿದ್ದ ಪುಸ್ತಕ ಅದು. ಆದರೆ ಅದರ ಒಂದೇ ಒಂದು ಚೌಕಕ್ಕೆ ಒಬ್ಬ ಮಾಜಿ ನ್ಯಾಯಾಧೀಶ ಬೆಚ್ಚಿಬಿದ್ದ.

ಕಥೆಯ ಹೆಸರು 'ಜಡ್ಜ್‌ಮೆಂಟ್ ಡೇ', ಅಂದರೆ ತೀರ್ಪಿನ ದಿನ. ಬರೆದವರು ಆಲ್ ಫೆಲ್ಡ್‌ಸ್ಟೀನ್, ಚಿತ್ರ ಜೋ ಒರ್ಲಾಂಡೊ, ಪ್ರಕಟಿಸಿದವರು ಇ.ಸಿ. ಕಾಮಿಕ್ಸ್‌ನ ವಿಲಿಯಂ ಗೇನ್ಸ್. ಮೊದಲು ಬಂದದ್ದು 1953ರಲ್ಲಿ, 'ವಿಯರ್ಡ್ ಫ್ಯಾಂಟಸಿ'ಯ 18ನೇ ಸಂಚಿಕೆಯಲ್ಲಿ. ಟಾರ್ಲ್ಟನ್ ಎಂಬ ಅಧಿಕಾರಿ ಭೂಮಿಯಿಂದ ಸೈಬ್ರಿನಿಯ ಎಂಬ ಗ್ರಹಕ್ಕೆ ತಪಾಸಣೆಗೆ ಬರುತ್ತಾನೆ. ಅಲ್ಲಿರುವವರೆಲ್ಲ ಯಂತ್ರಮಾನವರು. ನಕ್ಷತ್ರಲೋಕಗಳ ಗಣರಾಜ್ಯಕ್ಕೆ ಸೇರಲು ಅವರು ಲಾಯಕ್ಕೋ ಅಲ್ಲವೋ ನೋಡಬೇಕು. ಕಿತ್ತಳೆ ಬಣ್ಣದವನೊಬ್ಬ ಹೆಮ್ಮೆಯಿಂದ ಊರೆಲ್ಲ ಸುತ್ತಾಡಿಸುತ್ತಾನೆ. ಹಾಗಾದರೆ ನೀಲಿ ಬಣ್ಣದವರು ಎಲ್ಲಿ? ಅವರ ಕೇರಿ ಬೇರೆ. ಬಸ್ಸಿನಲ್ಲಿ ಅವರ ಜಾಗ ಹಿಂದುಗಡೆ. ಟಾರ್ಲ್ಟನ್ ಇಬ್ಬರನ್ನೂ ತಯಾರು ಮಾಡುವ ಕಾರ್ಖಾನೆಗಳನ್ನು ನೋಡುತ್ತಾನೆ. ಒಳಗಿನ ಭಾಗಗಳೆಲ್ಲ ಒಂದೇ. ಮೇಲಿನ ಕವಚದ ಬಣ್ಣ ಮಾತ್ರ ಬೇರೆ. ಆಮೇಲೆ ತಲೆಗೆ ತುಂಬುವ ಪಾಠವೂ ಬೇರೆ! ಹಳ್ಳಿಯ ಮೇಷ್ಟ್ರುಗಳು ಇದನ್ನು ಗಮನಿಸಬೇಕು. ಹುಟ್ಟಿನಲ್ಲಿ ಇಲ್ಲದ ಭೇದ ಪಾಠದ ಕೋಣೆಯಲ್ಲಿ ಹುಟ್ಟುತ್ತದೆ.

ನೀವಿನ್ನೂ ಲಾಯಕ್ಕಾಗಿಲ್ಲ ಅಂತ ತೀರ್ಪು ಹೇಳಿ ಟಾರ್ಲ್ಟನ್ ಹೊರಡುತ್ತಾನೆ. ನೌಕೆಯೊಳಗೆ ಕೂತು ಹೆಲ್ಮೆಟ್ ತೆಗೆಯುತ್ತಾನೆ. ಅಲ್ಲಿಯ ತನಕ ಕಾಣದಿದ್ದ ಮುಖ ಕೊನೆಯ ಚೌಕದಲ್ಲಿ ಕಾಣುತ್ತದೆ. ಅವನು ಕಪ್ಪು ಮನುಷ್ಯ. ಮುಖದ ಮೇಲೆ ಬೆವರ ಹನಿ.

1954ರಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿ, ಮಕ್ಕಳು ಕೆಡುವುದಕ್ಕೆ ಕಾಮಿಕ್ಸ್ ಕಾರಣವೇ ಅಂತ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಅದೇ ವರ್ಷ ತಾವೇ ಸಂಘ ಕಟ್ಟಿಕೊಂಡು 'ಕಾಮಿಕ್ಸ್ ಕೋಡ್' ಎಂಬ ನಿಯಮಾವಳಿ ತಂದರು. ಅದರ ಆಡಳಿತಕ್ಕೆ ನ್ಯೂಯಾರ್ಕಿನಲ್ಲಿ ನ್ಯಾಯಾಧೀಶರಾಗಿದ್ದ ಚಾರ್ಲ್ಸ್ ಮರ್ಫಿಯನ್ನು ಕೂರಿಸಿದರು. 'ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್' ಪತ್ರಿಕೆಯ 33ನೇ ಸಂಚಿಕೆಗೆ ಇ.ಸಿ.ಯವರು ಮಾಡಿದ್ದ ಒಂದು ಕಥೆಗೆ ಕೋಡಿನ ಒಪ್ಪಿಗೆ ಸಿಗಲಿಲ್ಲ. ಆ ಜಾಗಕ್ಕೆ 'ಜಡ್ಜ್‌ಮೆಂಟ್ ಡೇ'ಯನ್ನು ಮರುಮುದ್ರಿಸಲು ಹೊರಟರು. ಆಗ ಮರ್ಫಿ ಏನೆಂದರು ಎಂಬುದನ್ನು ಗೇನ್ಸ್ ಮತ್ತು ಫೆಲ್ಡ್‌ಸ್ಟೀನ್ ಮುಂದೆ ಹೇಳಿಕೊಂಡಿದ್ದಾರೆ. ಆ ಗಗನಯಾತ್ರಿ ಕಪ್ಪಗಿರಕೂಡದು ಅಂದರಂತೆ. ಕಥೆಯ ಜೀವವೇ ಅದು ಅಂತ ಇವರು ಹಟ ಹಿಡಿದರು. ಪತ್ರಿಕೆಗಳಿಗೆ ಹೇಳುತ್ತೇವೆ ಅಂತ ಗೇನ್ಸ್ ಹೆದರಿಸಿದರು. ಹಾಗಾದರೆ ಆ ಬೆವರನ್ನಾದರೂ ಅಳಿಸಿ ಅಂದರಂತೆ! ಅದನ್ನೂ ಅಳಿಸಲಿಲ್ಲ. ಕಥೆ ಇದ್ದ ಹಾಗೇ ಅಚ್ಚಾಯಿತು. ಸಂಚಿಕೆಯ ಮೇಲಿನ ದಿನಾಂಕ 1956ರ ಜನವರಿ-ಫೆಬ್ರವರಿ. ಆ ಸಂಸ್ಥೆಯ ಕಾಮಿಕ್ ಪುಸ್ತಕಗಳಲ್ಲಿ ಅದೇ ಕಡೆಯದು.

ಗೆಳೆಯರೇ, ಆಕ್ಷೇಪ ಬಂದದ್ದು ಯಾವುದಕ್ಕೆ ಅಂತ ಸರಿಯಾಗಿ ನೋಡಿ. ನೀಲಿಯವರ ಕೇರಿ ಇರಬಹುದು. ಬಸ್ಸಿನ ಹಿಂದಿನ ಸೀಟು ಇರಬಹುದು. ಎಲ್ಲರೂ ಸಮಾನರು ಎಂಬ ಉಪದೇಶವೂ ಇರಬಹುದು. ತಕರಾರೆಲ್ಲ ಆ ಮುಖದ್ದು. ಅಲ್ಲಿ ಬಿಳಿಯ ಮುಖ ಇದ್ದಿದ್ದರೆ ಕಥೆ ಏನಾಗುತ್ತಿತ್ತು? ದೊಡ್ಡ ಮನಸ್ಸಿನ ಧಣಿಯೊಬ್ಬ ಕೇರಿಗೆ ಬಂದು ಎರಡು ಒಳ್ಳೇ ಮಾತಾಡಿ ಹೋದ ಹಾಗೆ ಆಗುತ್ತಿತ್ತು. ಕಪ್ಪು ಮುಖ ಬಂದ ಕೂಡಲೇ ಲೆಕ್ಕ ತಿರುಗಿತು. ಶತಮಾನಗಳ ಕಾಲ ಯಾರನ್ನು ಲಾಯಕ್ಕಿಲ್ಲ ಅಂದರೋ ಅವನೇ ಇವರನ್ನು ಲಾಯಕ್ಕಿಲ್ಲ ಅನ್ನುತ್ತಿದ್ದಾನೆ. ಇದು ವ್ಯವಸ್ಥೆಗೆ ಜೀರ್ಣವಾಗಲಿಲ್ಲ. ಯಾವ ಜನಾಂಗವನ್ನೂ ಹೀಯಾಳಿಸಕೂಡದು ಅಂತ ಅದೇ ಕೋಡಿನಲ್ಲಿ ಬರೆದಿತ್ತು. ಆ ನಿಯಮ ಕೈಯಲ್ಲಿ ಹಿಡಿದುಕೊಂಡೇ ಒಂದು ಜನಾಂಗದ ಮುಖ ಅಳಿಸಲು ಬಂದರು. ಬೂಟಾಟಿಕೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಇ.ಸಿ.ಯವರನ್ನು ನಾವು ಹೊತ್ತು ಮೆರೆಸುವುದಿಲ್ಲ. ಅವರ ಕಥೆಗೂ ಒಂದು ಹೆದರಿಕೆ ಇತ್ತು. ನಾಯಕನ ಮುಖವನ್ನು ಕಡೆಯ ತನಕ ಹೆಲ್ಮೆಟ್ಟಿನೊಳಗೆ ಮುಚ್ಚಿಟ್ಟರು. ಮೊದಲ ಚೌಕದಲ್ಲೇ ತೋರಿಸಿದ್ದರೆ ಬಿಳಿಯ ಓದುಗ ಅವನ ಮಾತು ಕೇಳುತ್ತಿದ್ದನೇ? ಇನ್ನೊಂದು ಮಾತು. ಮನುಷ್ಯರು ಒಟ್ಟಿಗೆ ಬಾಳುವುದನ್ನು ಕಲಿತ ಮೇಲೆ ಭೂಮಿ ಸರಿಹೋಯಿತು ಅಂತ ಕಥೆ ಭರವಸೆ ಕೊಡುತ್ತದೆ. ಕಲಿಸಿದವರು ಯಾರು? ಅದಕ್ಕೆ ಉತ್ತರ ಕಥೆಯಲ್ಲಿಲ್ಲ, ಅಲಬಾಮಾದ ಮಾಂಟ್‌ಗೊಮರಿಯಲ್ಲಿದೆ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಟ್ಟು ಏಳಲಿಲ್ಲ. ಆ ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಅಡಿಗೆ ಕೆಲಸದ ಹೆಂಗಸರು ಕಾಲು ಸವೆಸಿ ನಡೆದರು. ಬಸ್ಸಿನ ಕಾನೂನು ಬಿದ್ದದ್ದು ಆಮೇಲೆ. ಬೇರೆ ಲೋಕದ ಅಧಿಕಾರಿ ಬಂದು ಅದನ್ನು ಬೀಳಿಸಲಿಲ್ಲ.

ಇದು ದೂರದ ದೇಶದ ಜಗಳ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. ಮರುವರ್ಷ ಅವರೇ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಕೂತರು. ಅವರ ಹೆಸರು ಕೇಳಿದರೆ ಇವತ್ತಿಗೂ ಕೆಲವರ ಹೊಟ್ಟೆ ಉರಿಯುವುದು ಆ ಕುರ್ಚಿಯ ಕಾರಣಕ್ಕೇ. ಕೇರಿಯಲ್ಲಿ ನೊಂದುಕೊಂಡು ಕೂತಿದ್ದರೆ ಕನಿಕರಿಸಲು ಅವರೂ ತಯಾರಿದ್ದರು.

2011ರ ಹೊತ್ತಿಗೆ ಕೊನೆಯ ಪ್ರಕಾಶಕರೂ ಆ ಕೋಡನ್ನು ಕೈಬಿಟ್ಟರು. ಟಾರ್ಲ್ಟನ್ನನ ಮುಖ ಉಳಿದಿದೆ, ಬೆವರೂ ಉಳಿದಿದೆ. ಬರೆಯುವ ಹುಡುಗ ಹುಡುಗಿಯರಿಗೆ ನಾವು ಹೇಳುವುದು ಇಷ್ಟೇ. ನಿಮ್ಮ ಕಥೆಯಲ್ಲಿ, ಬೀದಿ ನಾಟಕದಲ್ಲಿ, ಗೋಡೆಯ ಚಿತ್ರದಲ್ಲಿ ನಮ್ಮವರು ಬರೀ ಹೊಡೆತ ತಿನ್ನುತ್ತಾ ನಿಂತಿದ್ದರೆ ಸಾಲದು. ತೀರ್ಪು ಅವರ ಬಾಯಿಂದ ಬರಲಿ. ಮೊದಲ ಚೌಕದಿಂದಲೇ ಮುಖ ಕಾಣಲಿ.